ಆಮದು ಕಾರು: ಬಂದರಿನ ಗೇಟಿನಿಂದ ಮನೆಯಂಗಳದವರೆಗೆ

ಸುಂಕ ಪಾವತಿಯಾಯಿತು. ಕಸ್ಟಮ್ಸ್ ಅಧಿಕಾರಿಗಳ ಬಿಡುಗಡೆ ಆದೇಶ ಕೈಸೇರಿತು. ಕೀಲಿಯೂ ಬಂತು. ಮುಂಬಯಿ ಬಂದರಿನ ಗೇಟಿನಿಂದ ಹೊರಬಂದು ನಿಂತ ಕಾರು ಈಗ ಸಂಪೂರ್ಣವಾಗಿ ಮಾಲೀಕರದೇ. ಆದರೆ ಅದನ್ನು ಹತ್ತಿ ಮಂಗಳೂರಿನತ್ತಲೋ ಹುಬ್ಬಳ್ಳಿಯತ್ತಲೋ ಹೊರಡುವ ಹಕ್ಕು ಮಾತ್ರ ಅವರಿಗೆ ಇನ್ನೂ ಬಂದಿರುವುದಿಲ್ಲ. ವಿದೇಶದಿಂದ ಕಾರು ತರುವವರು ಸುಂಕದ ಲೆಕ್ಕಾಚಾರದಲ್ಲಿ ತಿಂಗಳುಗಟ್ಟಲೆ ಮುಳುಗಿರುತ್ತಾರೆ. ಬಂದರಿನಿಂದ ಮನೆಯವರೆಗಿನ ಹಾದಿಯ ಬಗ್ಗೆ ಮುಂಚಿತವಾಗಿ ಯೋಚಿಸುವವರು ವಿರಳ.

ಮೋಟಾರು ವಾಹನಗಳ ಕಾಯ್ದೆ, 1988ರ 39ನೇ ಕಲಂ ಪ್ರಕಾರ ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಯಾರೂ ಚಲಾಯಿಸುವಂತಿಲ್ಲ. ಮಾಲೀಕರು ಇತರರಿಗೆ ಚಲಾಯಿಸಲು ಕೊಡುವಂತೆಯೂ ಇಲ್ಲ. ಈ ಕಲಮಿನಲ್ಲಿಯೇ ಇರುವ ವಿನಾಯಿತಿಯು ಡೀಲರುಗಳ ವಶದಲ್ಲಿರುವ ವಾಹನಗಳಿಗೆ ಮಾತ್ರ, ಅದೂ ಟ್ರೇಡ್ ಸರ್ಟಿಫಿಕೇಟಿನ ಷರತ್ತುಗಳಿಗೆ ಒಳಪಟ್ಟು ಅನ್ವಯಿಸುತ್ತದೆ. ಸ್ವಂತ ಬಳಕೆಗೆ ಕಾರು ತರಿಸಿಕೊಂಡ ವ್ಯಕ್ತಿ ಡೀಲರ್ ಅಲ್ಲ. ಪರಿಚಯದ ಡೀಲರೊಬ್ಬರಿಂದ ಕೆಂಪು ಫಲಕವನ್ನು ಎರವಲು ತಂದು ಕಟ್ಟಿಕೊಂಡರೆ ಅದರಿಂದ ರಕ್ಷಣೆ ದೊರೆಯದು. ಬ್ರಿಟನ್ನಿನಲ್ಲಿ ಆಮದಾದ ಕಾರನ್ನು ನೋಂದಣಿಗೆ ಮುನ್ನ ಮೊದಲೇ ಸಮಯ ಗೊತ್ತುಪಡಿಸಿಕೊಂಡ ತಪಾಸಣಾ ಕೇಂದ್ರಕ್ಕೆ ಓಡಿಸಿಕೊಂಡು ಹೋಗಲು ಅವಕಾಶವಿದೆ. ಅಲ್ಲಿ ನೆಲೆಸಿದ್ದು ಮರಳಿದವರು ಇಲ್ಲಿಯೂ ಅಂಥದ್ದೇ ಅನುಕೂಲ ಇರಬಹುದೆಂದು ಭಾವಿಸುವುದು ಸಹಜ. ನಮ್ಮ 39ನೇ ಕಲಂ ಅಷ್ಟು ಉದಾರವಾಗಿಲ್ಲ.

ಹಿಂದೆ ಹೊಸ ಕಾರಿನ ಗಾಜಿಗೆ 'ಫಾರ್ ರಿಜಿಸ್ಟ್ರೇಷನ್' ಎಂದು ಬರೆದ ಚೀಟಿ ಅಂಟಿಸಿ ಊರೆಲ್ಲ ಸುತ್ತುವುದು ರೂಢಿಯಾಗಿತ್ತು. ಪೊಲೀಸರು ನೋಡಿಯೂ ನೋಡದಂತೆ ಬಿಟ್ಟಿರಬಹುದು, ಆದರೆ ಆ ಚೀಟಿಗೆ ಕಾನೂನಿನ ಮಾನ್ಯತೆ ಎಂದೂ ಇರಲಿಲ್ಲ.

ಯಾವ ಕಾರು ಬರಬಹುದು?

ಬಳಸಿದ ಕಾರುಗಳ ಆಮದಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ವಿಧಿಸಿರುವ ಷರತ್ತುಗಳು ಬಿಗಿಯಾಗಿವೆ. ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟೀರಿಂಗ್ ಬಲಗಡೆ ಇರಬೇಕು. ವೇಗಮಾಪಕ ಕಿಲೋಮೀಟರ್‌ನಲ್ಲಿ ಇರಬೇಕು. ಹೆಡ್‌ಲೈಟಿನ ಬೆಳಕು ರಸ್ತೆಯ ಎಡಬದಿಯ ಸಂಚಾರಕ್ಕೆ ಹೊಂದುವಂತಿರಬೇಕು. ಇಂತಹ ಕಾರುಗಳಿಗೆ ಮುಂಬಯಿ ಬಂದರೊಂದೇ ಪ್ರವೇಶದ್ವಾರ. ಹೊಚ್ಚಹೊಸ ಕಾರುಗಳಿಗಾದರೆ ನ್ಹಾವಾ ಶೇವಾ, ಚೆನ್ನೈ, ಕೋಲ್ಕತ್ತ ಮೊದಲಾದ ಕಡೆಯೂ ಅವಕಾಶವಿದೆ.

ಬಲಗಡೆಯ ಸ್ಟೀರಿಂಗ್ ಎಂಬ ಈ ಒಂದು ಷರತ್ತು ಕರಾವಳಿಯ ಬಹುಪಾಲು ಮನೆಗಳ ಆಸೆಯನ್ನು ಆರಂಭದಲ್ಲಿಯೇ ಮೊಟಕುಗೊಳಿಸುತ್ತದೆ. ದುಬೈ, ದೋಹಾ, ಕುವೈತ್, ದಮ್ಮಾಮ್‌ಗಳಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ಅಲ್ಲಿನ ಕಾರುಗಳ ಸ್ಟೀರಿಂಗ್ ಎಡಗಡೆ ಇರುತ್ತದೆ. ಹೀಗಾಗಿ ಕೊಲ್ಲಿಯಲ್ಲಿ ದುಡಿದು ಮರಳುವವರು ಅಲ್ಲಿ ಬಳಸಿದ ಕಾರನ್ನು ಶಾಶ್ವತವಾಗಿ ತರುವಂತಿಲ್ಲ. ಕೊಲ್ಲಿಯ ಸಂಖ್ಯಾಫಲಕ ಹೊತ್ತ ಕಾರುಗಳು ಕೇರಳ ಹಾಗೂ ಕರಾವಳಿಯ ರಸ್ತೆಗಳಲ್ಲಿ ಆಗಾಗ ಕಾಣಸಿಗುವುದು ನಿಜ. ಅವು ಕಾರ್ನೆಟ್ ಎಂಬ ಅಂತರರಾಷ್ಟ್ರೀಯ ದಾಖಲೆಯ ಬಲದಿಂದ ಅತಿಥಿಗಳಾಗಿ ಬಂದವು. ಸುಂಕ ಕಟ್ಟದೆ ಬಂದಿರುವುದರಿಂದ ಅವಧಿ ಮುಗಿಯುವುದರೊಳಗೆ ಮರಳಿ ಹೋಗಲೇಬೇಕು. ಅವನ್ನು ಕಂಡು 'ನಾವೂ ತರಬಹುದು' ಎಂದು ಹೊರಟವರು ಪೇಚಿಗೆ ಸಿಲುಕಬೇಕಾಗುತ್ತದೆ. ಬ್ರಿಟನ್, ಸಿಂಗಪುರ, ಆಸ್ಟ್ರೇಲಿಯಾ, ಜಪಾನುಗಳಿಂದ ಬರುವವರಿಗೆ ಈ ತೊಡಕಿಲ್ಲ.

ಕಾರು ಪ್ರಯಾಣಿಕರ ಸಾಮಾನು ಸರಂಜಾಮಿನ ರಿಯಾಯಿತಿಯಲ್ಲಿ ಸೇರುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಬಳಸಿದ ಕಾರಿನ ಮೌಲ್ಯವನ್ನು ಕಸ್ಟಮ್ಸ್‌ನವರು ಮಾಲೀಕರು ಕೊಟ್ಟ ಬೆಲೆಯಿಂದ ಅಳೆಯುವುದಿಲ್ಲ. ಹೊಸದಿದ್ದಾಗ ತಯಾರಕರು ಪ್ರಕಟಿಸಿದ್ದ ಬೆಲೆಯಿಂದ ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ 4, ಎರಡನೇ ವರ್ಷ ಶೇ 3, ಮೂರನೇ ವರ್ಷ ಶೇ 2.5ರಂತೆ ಸವಕಳಿ ಕಳೆಯುತ್ತಾರೆ. ಅಂದರೆ ಪೂರ್ತಿ ಮೂರು ವರ್ಷ ಓಡಿದ ಕಾರಿಗೂ ಶೇ 38ರಷ್ಟೇ ಇಳಿಕೆ. ಇದರ ಮೇಲೆ ಬೀಳುವ ಒಟ್ಟು ಸುಂಕವು ಕಾರಿನ ಮೌಲ್ಯವನ್ನೇ ಮೀರುತ್ತದೆ. ಜತೆಗೆ ಬಳಸಿದ ಕಾರು ಪುಣೆಯ ಎಆರ್‌ಎಐ ಅಥವಾ ಅಹಿಲ್ಯಾನಗರದ ವಿಆರ್‌ಡಿಇಯಂತಹ ಸಂಸ್ಥೆಯಲ್ಲಿ ಪರೀಕ್ಷೆಗೆ ಒಳಪಡಬೇಕು. ಆ ಓಡಾಟವನ್ನು ಲಾರಿಯ ಮೇಲೆ ಮಾಡಿಸುವುದೇ ಕ್ಷೇಮ.

ತಾತ್ಕಾಲಿಕ ನೋಂದಣಿ

ಬಂದರಿನಲ್ಲಿ ಬಿಡುಗಡೆಯಾದ ಕಾರನ್ನು ಕರ್ನಾಟಕಕ್ಕೆ ಓಡಿಸಿಕೊಂಡು ಬರಲು ಕಾನೂನು ತೋರುವ ದಾರಿ ಕಾಯ್ದೆಯ 43ನೇ ಕಲಮಿನ ತಾತ್ಕಾಲಿಕ ನೋಂದಣಿ. ಇದಕ್ಕಾಗಿ ಯಾವುದೇ ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಉಡುಪಿಯ ನಿವಾಸಿ ಮುಂಬಯಿಯ ಆರ್‌ಟಿಒ ಕಚೇರಿಯಲ್ಲಿಯೇ ಪಡೆಯಲು ಅಡ್ಡಿಯಿಲ್ಲ. ಮೊದಲು ಇದರ ಅವಧಿ ಒಂದು ತಿಂಗಳಷ್ಟೇ ಆಗಿತ್ತು. 2019ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 2021ರಲ್ಲಿ ಕೇಂದ್ರ ನಿಯಮಗಳು ಪರಿಷ್ಕರಣೆಗೊಂಡ ಬಳಿಕ ಆರು ತಿಂಗಳಿಗೆ ವಿಸ್ತರಿಸಿದೆ.

ತಾತ್ಕಾಲಿಕ ಸಂಖ್ಯೆಯು 'ಟಿ' ಅಕ್ಷರದಿಂದ ಆರಂಭವಾಗುತ್ತದೆ. ಅನಂತರ ತಿಂಗಳು, ವರ್ಷ, ರಾಜ್ಯದ ಸಂಕೇತ ಮತ್ತು ಕ್ರಮಸಂಖ್ಯೆ ಬರುತ್ತವೆ. ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರಗಳಿರಬೇಕು. ಈ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಗಾಜಿಗೆ ಅಂಟಿಸಿದರೆ ಅದು ಫಲಕವೆನಿಸದು. ವಿದೇಶದ ಹಳೆಯ ಫಲಕವನ್ನು ಹಾಗೆಯೇ ಉಳಿಸಿಕೊಂಡು ಓಡಿಸುವುದಂತೂ ಇನ್ನೂ ಕೆಟ್ಟದ್ದು, ಏಕೆಂದರೆ ಶಾಶ್ವತವಾಗಿ ಆಮದಾದ ಕಾರಿಗೆ ಆ ಸಂಖ್ಯೆ ಇಲ್ಲಿ ಯಾವ ಆಸರೆಯನ್ನೂ ಕೊಡುವುದಿಲ್ಲ. ಬ್ರಿಟನ್ನಿನಿಂದ ಕಾರು ತರುವವರು ಅದು ದೇಶ ಬಿಟ್ಟಿತೆಂದು ಅಲ್ಲಿನ ಡಿವಿಎಲ್‌ಎ ಸಂಸ್ಥೆಗೆ ತಿಳಿಸಿರಲೂ ಬೇಕು.

ಅರ್ಜಿಯ ವೇಳೆಗೆ ಬಿಲ್ ಆಫ್ ಎಂಟ್ರಿ, ಸುಂಕ ಪಾವತಿಯ ರಸೀದಿ, ಕಸ್ಟಮ್ಸ್ ಬಿಡುಗಡೆ ಪತ್ರ, ವಿದೇಶದ ಖರೀದಿ ಮತ್ತು ನೋಂದಣಿ ದಾಖಲೆ, ವಿಮಾ ಪತ್ರ ಕೈಯಲ್ಲಿರಬೇಕು. ಎಲ್ಲದರಲ್ಲಿಯೂ ಎಂಜಿನ್ ಸಂಖ್ಯೆ ಮತ್ತು ಚಾಸಿಸ್ ಸಂಖ್ಯೆ ಅಕ್ಷರಶಃ ಒಂದೇ ಆಗಿರಬೇಕೆಂಬುದು ಸಣ್ಣ ಮಾತಲ್ಲ. ಹದಿನೇಳು ಅಂಕಾಕ್ಷರಗಳ ಚಾಸಿಸ್ ಸಂಖ್ಯೆಯಲ್ಲಿ ಬಿಲ್ ಆಫ್ ಎಂಟ್ರಿ ಬರೆಯುವಾಗ ಒಂದು ಅಕ್ಷರ ತಪ್ಪಿದರೂ ತಿದ್ದುಪಡಿಗೆ ಮತ್ತೆ ಕಸ್ಟಮ್ಸ್ ಕಚೇರಿಯ ಮೆಟ್ಟಿಲು ಹತ್ತಬೇಕು. ಕಾರು ಬಂದರಿನಲ್ಲಿ ಉಳಿದಷ್ಟು ದಿನವೂ ಬಾಡಿಗೆ ಏರುತ್ತಲೇ ಇರುತ್ತದೆ. ಕಾರಿನ ಮೇಲೆ ಕೊರೆದಿರುವ ಸಂಖ್ಯೆಯನ್ನು ಏಜೆಂಟರ ಮಾತಿಗೆ ಬಿಡದೆ ಸ್ವತಃ ಓದಿ ತಾಳೆ ನೋಡುವುದು ಉತ್ತಮ.

ಒಂಬತ್ತು ದಿನಗಳ ಬೆಲೆ

ನೋಂದಣಿಯಿಲ್ಲದೆ ಓಡಿಸಿದರೆ ದಂಡವೆಷ್ಟು ಎಂಬುದು ಎಲ್ಲರ ಮೊದಲ ಪ್ರಶ್ನೆ. 192ನೇ ಕಲಂ ಪ್ರಕಾರ ಮೊದಲ ಸಲ ಕನಿಷ್ಠ ₹2,000ದಿಂದ ₹5,000ದವರೆಗೆ. ಪುನಃ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸಜೆ ಅಥವಾ ₹10,000ದವರೆಗೆ ದಂಡ. 207ನೇ ಕಲಂ ಅನ್ವಯ ವಾಹನವನ್ನು ವಶಪಡಿಸಿಕೊಳ್ಳುವ ಅಧಿಕಾರವೂ ಪೊಲೀಸರಿಗಿದೆ. ಅರ್ಧ ಕೋಟಿಯ ಕಾರಿನ ಒಡೆಯರಿಗೆ ಐದು ಸಾವಿರದ ದಂಡ ಭಾರವಲ್ಲ. ಆದರೆ ನಿಜವಾದ ಅಪಾಯ ಇರುವುದು ವಿಮೆಯಲ್ಲಿ. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಎರಡೂ ದೇಶದಲ್ಲಿಯೇ ತಯಾರಾದ ವಾಹನಗಳ ಪ್ರಕರಣಗಳು. ಆದರೆ ಕಾನೂನು ಆಮದು ಕಾರಿಗೂ ಅದೇ.

ಮೊದಲ ಪ್ರಕರಣದಲ್ಲಿ ವಾಹನದ ತಾತ್ಕಾಲಿಕ ನೋಂದಣಿ 2006ರ ಜನವರಿ 11ಕ್ಕೆ ಮುಗಿದಿತ್ತು. ಅಪಘಾತ ಸಂಭವಿಸಿದ್ದು ಫೆಬ್ರವರಿ 2ರಂದು. ವಿಮೆ ಚಾಲ್ತಿಯಲ್ಲಿತ್ತು. ಆದಾಗ್ಯೂ ನೋಂದಣಿಯಿಲ್ಲದೆ ರಸ್ತೆಗಿಳಿಸಿದ್ದು ಕೇವಲ ಅಪರಾಧವಲ್ಲ, ವಿಮಾ ಕರಾರಿನ ಮೂಲಭೂತ ಉಲ್ಲಂಘನೆ ಎಂದು 2014ರಲ್ಲಿ ಕೋರ್ಟ್ ಹೇಳಿ ಪರಿಹಾರವನ್ನು ನಿರಾಕರಿಸಿತು.

ಎರಡನೆಯದು ಇನ್ನಷ್ಟು ಕಠಿಣ. ರಾಜಸ್ಥಾನದ ನಿವಾಸಿಯೊಬ್ಬರು ಪಂಜಾಬಿನಲ್ಲಿ ಹೊಸ ಬೊಲೆರೊ ಖರೀದಿಸಿದ್ದರು. ವಿಮೆಯ ಮೊತ್ತ ₹6,17,800. ತಾತ್ಕಾಲಿಕ ನೋಂದಣಿ 2011ರ ಜುಲೈ 19ಕ್ಕೆ ಮುಗಿಯಿತು. ಜುಲೈ 28ರಂದು ಜೋಧಪುರಕ್ಕೆ ಹೋಗಿ ಅತಿಥಿಗೃಹದ ಹೊರಗೆ ವಾಹನ ನಿಲ್ಲಿಸಿ ಮಲಗಿದರು. ಬೆಳಿಗ್ಗೆ ನೋಡಿದರೆ ವಾಹನವಿಲ್ಲ. ಕಳವಿಗೂ ನೋಂದಣಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿಯಾರು. ರಾಜ್ಯ ಹಾಗೂ ರಾಷ್ಟ್ರೀಯ ಗ್ರಾಹಕ ಆಯೋಗಗಳು ಮಾಲೀಕರ ಪರವಾಗಿಯೇ ನಿಂತಿದ್ದವು. ಆದರೆ 2021ರ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದುಪಡಿಸಿತು. ಸಿಂಧುವಾದ ನೋಂದಣಿಯಿಲ್ಲದೆ ವಾಹನವನ್ನು ಬೇರೆ ಊರಿಗೆ ಓಡಿಸಿಕೊಂಡು ಹೋಗಿ ಅಲ್ಲಿ ನಿಲ್ಲಿಸಿದ್ದೇ ಕರಾರಿನ ಉಲ್ಲಂಘನೆ ಎಂಬುದು ತೀರ್ಪಿನ ಸಾರ. ಕೇವಲ ಒಂಬತ್ತು ದಿನಗಳ ವಿಳಂಬಕ್ಕೆ ವಾಹನದ ಪೂರ್ತಿ ಬೆಲೆಯೇ ಹೋಯಿತು.

ಆಮದು ಕಾರಿನ ವಿಮೆಗೆ ಎಲ್ಲ ಕಂಪನಿಗಳೂ ಸುಲಭವಾಗಿ ಮುಂದೆ ಬರುವುದಿಲ್ಲ. ಬಿಡಿಭಾಗಗಳ ಬೆಲೆ ಅದಕ್ಕೆ ಕಾರಣ. ಹಡಗು ತಲುಪುವ ಮೊದಲೇ ಚಾಸಿಸ್ ಸಂಖ್ಯೆಯ ಆಧಾರದಲ್ಲಿ ವಿಮೆಯ ಮಾತುಕತೆ ಮುಗಿಸಿಟ್ಟುಕೊಳ್ಳಬೇಕು. ಸಮುದ್ರಯಾನಕ್ಕೆ ಮಾಡಿಸಿದ ಸಾಗಣೆ ವಿಮೆಯು ರಸ್ತೆಯ ಮೇಲೆ ಕಾರು ಓಡುವಾಗ ಉಪಯೋಗಕ್ಕೆ ಬರುವುದಿಲ್ಲ.

ಓಡಿಸುವುದೋ, ಹೊರಿಸುವುದೋ?

ಮುಂಬಯಿಯಿಂದ ಮಂಗಳೂರಿಗೆ ಸುಮಾರು 900 ಕಿ.ಮೀ. ಕರಾವಳಿಗುಂಟ ರಾಷ್ಟ್ರೀಯ ಹೆದ್ದಾರಿ 66 ಇದೆ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯ ಹೆದ್ದಾರಿ 48 ಹಿಡಿದು ಅರಬೈಲು ಘಾಟಿಯಲ್ಲಿ ಅಂಕೋಲೆಗೆ ಇಳಿಯುವವರೂ ಉಂಟು. ವಾರಗಟ್ಟಲೆ ಹಡಗಿನಲ್ಲಿಯೂ ಬಂದರಿನಲ್ಲಿಯೂ ನಿಂತಿದ್ದ ಕಾರಿನ ಬ್ಯಾಟರಿ ಸೋತಿರುತ್ತದೆ, ಟ್ಯಾಂಕಿನಲ್ಲಿ ಇಂಧನ ತಳ ಹಿಡಿದಿರುತ್ತದೆ. ಟೈರಿನ ಗಾಳಿ, ಬ್ರೇಕ್, ಆಯಿಲ್ ನೋಡದೆ ನೇರ ಹೆದ್ದಾರಿಗೆ ಇಳಿಯುವುದು ಸಾಹಸವಷ್ಟೆ. ನಮ್ಮ ಬಂಕ್‌ಗಳಲ್ಲಿ ದೊರೆಯುವ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಆ ಎಂಜಿನ್ನಿಗೆ ಒಗ್ಗುವುದೇ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಟೋಲ್‌ಗೆ ಫಾಸ್ಟ್ಯಾಗ್ ಬೇಕು. ಅದನ್ನು ಚಾಸಿಸ್ ಸಂಖ್ಯೆಯ ಮೇಲೆ ಪಡೆದು ಅನಂತರ ನೋಂದಣಿ ಸಂಖ್ಯೆ ಸೇರಿಸಬಹುದು.

ಇಷ್ಟೆಲ್ಲ ತಾಪತ್ರಯ ಬೇಡವೆನ್ನುವವರಿಗೆ ಕಾರು ಸಾಗಿಸುವ ಮುಚ್ಚಿದ ಲಾರಿಗಳಿವೆ. ಲಾರಿಯ ಮೇಲಿನ ಕಾರು ಸಂಚರಿಸುವ ವಾಹನವಲ್ಲ, ಅದೊಂದು ಸರಕು. ಆದ್ದರಿಂದ ದಾರಿಯಲ್ಲಿ ನೋಂದಣಿಯ ಪ್ರಶ್ನೆ ಏಳುವುದಿಲ್ಲ. ಕಸ್ಟಮ್ಸ್ ದಾಖಲೆಗಳ ಪ್ರತಿ ಲಾರಿ ಚಾಲಕನ ಬಳಿ ಇರಬೇಕು, ಪ್ರತ್ಯೇಕ ಸಾಗಣೆ ವಿಮೆ ಇರಬೇಕು. ನೆಲಕ್ಕೆ ತಾಗುವಂತಿರುವ ತಗ್ಗು ಕಾರುಗಳನ್ನು ಉಬ್ಬುಗಳಿಂದ ತುಂಬಿದ ನಮ್ಮ ರಸ್ತೆಗಳಲ್ಲಿ ತರಲು ಇದೇ ಮೇಲು. ಮನೆಯ ಬಾಗಿಲಿಗೆ ಇಳಿಸಿದ ಮೇಲೆ ಅಲ್ಲಿಂದ ಆರ್‌ಟಿಒ ಕಚೇರಿಯವರೆಗಿನ ನಾಲ್ಕಾರು ಕಿಲೋಮೀಟರಿಗೂ 39ನೇ ಕಲಂ ಅನ್ವಯಿಸುತ್ತದೆಂಬುದನ್ನು ಮಾತ್ರ ಮರೆಯುವಂತಿಲ್ಲ. ಲಾರಿಯಲ್ಲಿ ತಂದವರೂ ತಾತ್ಕಾಲಿಕ ಸಂಖ್ಯೆ ಪಡೆದಿಟ್ಟುಕೊಳ್ಳುವುದು ಈ ಕಾರಣಕ್ಕೇ.

ಊರು ಸೇರಿದ ಮೇಲೆ

ಶಾಶ್ವತ ನೋಂದಣಿಯನ್ನು ಮಾಲೀಕರು ನೆಲೆಸಿರುವ ಅಥವಾ ವ್ಯವಹಾರ ನಡೆಸುವ ರಾಜ್ಯದಲ್ಲಿ ಮಾಡಿಸಬೇಕು. ಕರ್ನಾಟಕದಲ್ಲಿ ₹20 ಲಕ್ಷ ಮೀರಿದ ಕಾರುಗಳಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಆಮದು ಕಾರಿಗೆ ಈ ತೆರಿಗೆಯ ಲೆಕ್ಕ ಹಿಡಿಯುವುದು ಸುಂಕವೂ ಸೇರಿದ ಬೆಲೆಯ ಮೇಲೆ. ತೆರಿಗೆಯ ಮೇಲೆ ತೆರಿಗೆ ಎಂಬ ಗೊಣಗಾಟದಲ್ಲಿ ಹುರುಳಿಲ್ಲದೆ ಇಲ್ಲ. ತೆರಿಗೆ ಕಡಿಮೆಯಿರುವ ರಾಜ್ಯದಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವ ಚಾಳಿಗೆ ಮೂಲವೂ ಇದೇ. ಮಹಾರಾಷ್ಟ್ರದಲ್ಲಿ ನೋಂದಣಿಯಾಗಿ ಬೆಂಗಳೂರಿನಲ್ಲಿ ಓಡಾಡುತ್ತಿದ್ದ ಫೆರಾರಿಯೊಂದರಿಂದ 2025ರ ಜುಲೈನಲ್ಲಿ ಸಾರಿಗೆ ಇಲಾಖೆ ₹1.41 ಕೋಟಿ ವಸೂಲಿ ಮಾಡಿತು.

ಹಿಂದೆ ಈ ಹಂತದಲ್ಲಿ ಹಲವು ರಾಜ್ಯಗಳ ಪ್ರವೇಶ ತೆರಿಗೆಯ ತಕರಾರೂ ಇತ್ತು. ತಮಿಳು ನಟ ವಿಜಯ್ 2012ರಲ್ಲಿ ಇಂಗ್ಲೆಂಡಿನಿಂದ ತರಿಸಿದ ರೋಲ್ಸ್ ರಾಯ್ಸ್ ಘೋಸ್ಟ್ ಕಾರಿನ ವ್ಯಾಜ್ಯ ಮದ್ರಾಸ್ ಹೈಕೋರ್ಟಿನಲ್ಲಿ 2021ರವರೆಗೂ ಉಳಿದಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ಹೊಸದಾಗಿ ಬರುವ ಕಾರುಗಳಿಗೆ ಆ ತೆರಿಗೆಯಿಲ್ಲ.

ಆರ್‌ಟಿಒ ನಿರೀಕ್ಷಕರು ಚಾಸಿಸ್ ಸಂಖ್ಯೆಯನ್ನು ಕಸ್ಟಮ್ಸ್ ಪತ್ರದೊಂದಿಗೆ ಮತ್ತೊಮ್ಮೆ ತಾಳೆ ನೋಡಿ, ತೆರಿಗೆ ಪಾವತಿಯಾದ ಬಳಿಕ ಕೆಎ ಸಂಖ್ಯೆ ದೊರೆಯುತ್ತದೆ. ಕಡತ ಕಚೇರಿಯಲ್ಲಿ ಕೊಳೆಯುತ್ತಿರುವಾಗಲೇ ತಾತ್ಕಾಲಿಕ ನೋಂದಣಿಯ ಅವಧಿ ಮುಗಿದರೆ ಕಾರನ್ನು ಶೆಡ್ಡಿನಿಂದ ಹೊರತೆಗೆಯಬಾರದು. ಹೊಸ ಸಂಖ್ಯೆ ಬಂದ ದಿನವೇ ಅದನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಪಾಲಿಸಿಯಲ್ಲಿ ನಮೂದು ಮಾಡಿಸಿಕೊಳ್ಳಬೇಕು.