ಲಾರ್ಡ್ ಮೆಕ್ಲೌಡನ ಪಡೆ

ಮಾರತ್ತಹಳ್ಳಿಯಿಂದ ಹೊರ ವರ್ತುಲ ರಸ್ತೆಯಲ್ಲಿ ಕೃಷ್ಣರಾಜಪುರದ ಕಡೆ ಹೊರಟರೆ ಹಳೆಯ ಮದರಾಸು ರಸ್ತೆ ಎದುರಾಗುತ್ತದೆ. 1791ರ ಮಾರ್ಚ್ ಮೊದಲ ವಾರ ಕಾರ್ನ್‌ವಾಲಿಸನ ಸೈನ್ಯ ಕೋಲಾರ, ಹೊಸಕೋಟೆ ದಾಟಿ ಟಿಪ್ಪುವಿನ ಬೆಂಗಳೂರಿನ ಮೇಲೆ ಬಂದದ್ದು ಈ ದಿಕ್ಕಿನಿಂದಲೇ. ಅದರಲ್ಲಿ 71ನೆಯ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ರೆಜಿಮೆಂಟೂ ಇತ್ತು. ಅದನ್ನು ಕಟ್ಟಿದವನು ಎರಡು ವರ್ಷ ಮೊದಲೇ ತೀರಿಕೊಂಡಿದ್ದ. ಅವನಿಗೆ ಮೈಸೂರಿನ ಮೇಲೆ ಹಗೆಯೇನೂ ಇರಲಿಲ್ಲ. ಬೇಕಾಗಿದ್ದುದು ಕಳೆದುಹೋದ ಅಪ್ಪನ ಆಸ್ತಿ.

ಹೆಸರು ಜಾನ್ ಮೆಕೆಂಜಿ, ಲಾರ್ಡ್ ಮೆಕ್ಲೌಡ್. ಹುಟ್ಟಿದ್ದು 1727ರಲ್ಲಿ. ತಂದೆ ಜಾರ್ಜ್ ಮೆಕೆಂಜಿ, ಕ್ರೋಮಾರ್ಟಿಯ ಮೂರನೆಯ ಅರ್ಲ್. 1745ರಲ್ಲಿ ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ದಂಗೆಯೆದ್ದಾಗ ಅಪ್ಪ ಮಗ ಇಬ್ಬರೂ ಅವನ ಪಕ್ಷ ಸೇರಿದರು. ನಿರ್ಣಾಯಕವಾದ ಕಲೋಡನ್ ಕದನದ ಹಿಂದಿನ ದಿನ ಇಬ್ಬರೂ ಸೆರೆ ಸಿಕ್ಕರು. ಅಪ್ಪನಿಗೆ ಮರಣದಂಡನೆ ವಿಧಿಸಲಾಯಿತು. ತುಂಬು ಗರ್ಭಿಣಿಯಾಗಿದ್ದ ಹೆಂಡತಿ ಇಸಬೆಲ್ಲಾ ದೊರೆಯ ಮುಂದೆ ಮೊಣಕಾಲೂರಿ ಬೇಡಿಕೊಂಡಳು. ತಲೆ ಉಳಿಯಿತು, ಪದವಿ, ಜಮೀನು ಎರಡೂ ಹೋದವು. ಆಮೇಲೆ ಹುಟ್ಟಿದ ಮಗುವಿನ ಕತ್ತಿನ ಮೇಲೆ ಕೊಡಲಿಯ ಗುರುತಿತ್ತೆಂಬ ಕತೆಯೂ ಉಂಟು. ಕತೆ ಕತೆಯೇ, ಆದರೆ ಆ ಮನೆಯ ಭಯ ಎಂಥದಿತ್ತೆಂದು ಅದು ಹೇಳುತ್ತದೆ.

ಆಸ್ತಿಯ ಹಕ್ಕು ಬಿಟ್ಟುಕೊಡಬೇಕೆಂಬ ಷರತ್ತಿನ ಮೇಲೆ 1748ರಲ್ಲಿ ಮಗನಿಗೆ ಕ್ಷಮಾದಾನ ಸಿಕ್ಕಿತು. ಅವನು ಸ್ವೀಡನ್ನಿಗೆ ಹೋಗಿ ಅಲ್ಲಿನ ಸೈನ್ಯದಲ್ಲಿ ಮೇಲೇರಿದ. ಅಮೆರಿಕದ ಯುದ್ಧದಲ್ಲಿ ಬ್ರಿಟನ್ನಿಗೆ ಜನ ಸಾಲದಾದಾಗ, 1777ರಲ್ಲಿ ಮರಳಿ ಬಂದು, ಒಂದು ಕಾಲಕ್ಕೆ ತಾನು ಯಾರ ವಿರುದ್ಧ ಕತ್ತಿ ಹಿಡಿದಿದ್ದನೋ ಅದೇ ರಾಜಮನೆತನಕ್ಕೆ ಸೇವೆ ಸಲ್ಲಿಸಲು ಮುಂದಾದ. ಕೈಯಲ್ಲಿ ಭೂಮಿಯಿರಲಿಲ್ಲ, ಮನೆತನದ ಹೆಸರಿತ್ತು. ಆ ಹೆಸರಿನ ಬಲದಿಂದ ಸುಮಾರು 1,100 ಮಂದಿ ಸೇರಿದರು. ಬಹುಪಾಲು ಗೇಲಿಕ್ ಮಾತನಾಡುವ ಬೆಟ್ಟದ ಸೀಮೆಯವರು. ಅದೇ 73ನೆಯ ರೆಜಿಮೆಂಟ್. 1786ರಲ್ಲಿ 71 ಎಂಬ ಸಂಖ್ಯೆ ಪಡೆಯಿತು.

1780ರ ಜನವರಿಯಲ್ಲಿ ಪಡೆ ಮದರಾಸಿನಲ್ಲಿಳಿಯಿತು. ಜುಲೈನಲ್ಲಿ ಹೈದರಾಲಿ ಕರ್ನಾಟಿಕ್ ಸೀಮೆಯ ಮೇಲೆ ದಂಡೆತ್ತಿ ಬಂದ. ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ತುಕಡಿ ನಿರ್ನಾಮವಾಯಿತು. ಅವನ ನೆರವಿಗೆ ಹೋಗಿದ್ದವರಲ್ಲಿ ಮೆಕ್ಲೌಡನ ಎರಡು ಕಂಪನಿಗಳಿದ್ದವು. ಉಳಿದವರು ಶ್ರೀರಂಗಪಟ್ಟಣದ ಸೆರೆಗೆ ಬಂದರು. ಬೇಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಅವನ ಅಣ್ಣನ ಮಗನೆನ್ನುವ ಬಂಧು 1816ರಲ್ಲಿ ಕಟ್ಟಿಸಿದ ಸ್ಮಾರಕ ಗುಂಬಜಿನ ಹತ್ತಿರವೇ ಇದೆ. ಗುಂಡೇಟು ತಿಂದು ಸಂಕೋಲೆಯಲ್ಲಿ ಕಾಲ ಕಳೆದ ಕ್ಯಾಪ್ಟನ್ ಡೇವಿಡ್ ಬೇರ್ಡ್ ಬದುಕಿ ಹೊರಬಂದ. 1799ರ ಮೇ 4ರಂದು ಅದೇ ಕೋಟೆಯ ಬಿರುಕಿಗೆ ಮೊದಲು ಲಗ್ಗೆ ಹಾಕಿಸಿದವನು ಅವನೇ.

ಮೆಕ್ಲೌಡ್ ಮಾತ್ರ ಆ ಹೊತ್ತಿಗೆ ಊರು ಸೇರಿದ್ದ. ಸೇನಾಧಿಪತಿ ಮನ್ರೋ ಜೊತೆ ಹೊಂದಿಕೆಯಾಗದೆ ಹಿಂದಿರುಗಿದನೆಂದು ಹೇಳುತ್ತಾರೆ. ಮಂಗಳೂರು ಒಪ್ಪಂದದಿಂದ ಶ್ರೀರಂಗಪಟ್ಟಣದ ಸೆರೆಯಾಳುಗಳು ಬಿಡುಗಡೆಯಾದದ್ದು 1784ರಲ್ಲಿ. ಅದೇ ವರ್ಷ ಸರ್ಕಾರ ಅವನಿಗೆ ಅಪ್ಪನ ಜಮೀನು ಮರಳಿಸಿತು, ಸುಮಾರು 19 ಸಾವಿರ ಪೌಂಡು ಕಟ್ಟಿಸಿಕೊಂಡು. ಹಣದ ಲೆಕ್ಕ ಇಷ್ಟು. ಪೊಲ್ಲಿಲೂರಿನಲ್ಲಿ ಬಿದ್ದವರ ಲೆಕ್ಕ ಯಾವ ಖಾತೆಗೆ ಬರೆದರೋ.

ಅರ್ಲ್ ಪದವಿ ಮರಳಲಿಲ್ಲ. 1786ರಲ್ಲಿ ಮದುವೆಯಾದ, ಮಕ್ಕಳಾಗಲಿಲ್ಲ. 1789ರಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡ. ಆಸ್ತಿ ಮೊದಲು ದಾಯಾದಿಗೆ, ಅನಂತರ ಸಹೋದರಿಯ ಸಂತತಿಗೆ ಹೋಯಿತು. ಆ ಸಹೋದರಿಯ ಮರಿಮೊಮ್ಮಗಳು ಆನ್‌ಳಿಗೆ ವಿಕ್ಟೋರಿಯಾ ರಾಣಿ 1861ರಲ್ಲಿ ಕ್ರೋಮಾರ್ಟಿ ಪದವಿಯನ್ನು ಹೊಸದಾಗಿ ಕೊಟ್ಟಳು.