ದ್ರಾಕ್ಷಿ ಸೇವನೆ: ಆರೋಗ್ಯ ಪ್ರಯೋಜನಗಳು ಹಾಗೂ ಮುನ್ನೆಚ್ಚರಿಕೆಗಳು

ಮೈಸೂರು ಜಿಲ್ಲೆಯ ಚುಂಚನಕಟ್ಟೆ ಹಾಗೂ ಸುತ್ತಲಿನ ಗ್ರಾಮಗಳು ಕಾವೇರಿ ನಾಲೆಗಳ ಆಸರೆಯಲ್ಲಿ ಭತ್ತ ಬೆಳೆಯುವ ಪ್ರದೇಶವಾಗಿದ್ದು, ದ್ರಾಕ್ಷಿಯು ಇಲ್ಲಿನ ಪ್ರಮುಖ ಬೆಳೆಯಲ್ಲ. ರಾಜ್ಯದಲ್ಲಿ ದ್ರಾಕ್ಷಿಯನ್ನು ಮುಖ್ಯವಾಗಿ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಚಿಕ್ಕಬಳ್ಳಾಪುರ ಹಾಗೂ ಬೆಂಗಳೂರು ಗ್ರಾಮಾಂತರ ಜಿಲ್ಲೆಗಳಲ್ಲಿ ಬೆಳೆಯಲಾಗುತ್ತದೆ. ಉತ್ತರದ ಜಿಲ್ಲೆಗಳಲ್ಲಿ ಬೀಜರಹಿತ ದ್ರಾಕ್ಷಿಯ ಕೊಯ್ಲು ಜನವರಿಯಿಂದ ಏಪ್ರಿಲ್‌ವರೆಗೆ ನಡೆಯುತ್ತದೆ. ಚುಂಚನಕಟ್ಟೆಯ ಜಾನುವಾರು ಜಾತ್ರೆ ಕೂಡುವ ಸಂಕ್ರಾಂತಿಯ ದಿನಗಳಿಂದ ಯುಗಾದಿಯವರೆಗೆ ಈ ಹಣ್ಣಿನ ಹಂಗಾಮು ಎನ್ನಬಹುದು.

ಪೋಷಕಾಂಶಗಳು: 100 ಗ್ರಾಂ ದ್ರಾಕ್ಷಿಯಲ್ಲಿ ಸುಮಾರು 80 ಗ್ರಾಂ ನೀರು, 15 ಗ್ರಾಂ ಸಕ್ಕರೆ ಹಾಗೂ 190 ಮಿಲಿಗ್ರಾಂ ಪೊಟ್ಯಾಸಿಯಂ ಇದ್ದು, ಸುಮಾರು 70 ಕಿಲೋ ಕ್ಯಾಲೊರಿ ಶಕ್ತಿ ದೊರೆಯುತ್ತದೆ. ಬಿಸಿಲಿನಲ್ಲಿ ದುಡಿದು ದಣಿದವರಿಗೆ ಇದು ನೀರನ್ನೂ ಶಕ್ತಿಯನ್ನೂ ಬೇಗನೆ ಒದಗಿಸುತ್ತದೆ. ಕಪ್ಪು ದ್ರಾಕ್ಷಿಯ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಎಂಬ ಉತ್ಕರ್ಷಣ ನಿರೋಧಕ ವಸ್ತುವು ಬಹುಪಾಲು ಸಿಪ್ಪೆಯಲ್ಲಿರುತ್ತದೆ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ತಿರುಳನ್ನು ಹಿಂಡಿ ತಿಂದು ಸಿಪ್ಪೆಯನ್ನು ಉಗುಳುವ ರೂಢಿ ಅನೇಕರಲ್ಲಿದೆ. ಹೀಗೆ ಮಾಡಿದಲ್ಲಿ ಹಣ್ಣಿನ ಉತ್ತಮಾಂಶವೇ ನಷ್ಟವಾಗುತ್ತದೆ. ಸೋಸಿದ ರಸಕ್ಕೂ ಇದೇ ಮಾತು ಅನ್ವಯಿಸುತ್ತದೆ; ಅದರಲ್ಲಿ ನಾರಿನಂಶ ಉಳಿಯುವುದಿಲ್ಲ.

ದ್ರಾಕ್ಷಿಯು ಔಷಧವಲ್ಲ. ಹೃದ್ರೋಗವನ್ನಾಗಲೀ ಕ್ಯಾನ್ಸರನ್ನಾಗಲೀ ಇದು ಗುಣಪಡಿಸುತ್ತದೆಂಬುದು ದೃಢಪಟ್ಟಿರುವುದಿಲ್ಲ. ವೈದ್ಯರು ನೀಡಿದ ಮಾತ್ರೆಗಳನ್ನು ಇಂತಹ ನಂಬಿಕೆಯಿಂದ ನಿಲ್ಲಿಸಬಾರದು. ‘ಸಿ’ ಜೀವಸತ್ವಕ್ಕಾಗಿ ಹಣ್ಣು ತಿನ್ನುವವರಿಗೆ ಹಿತ್ತಲಿನ ಸೀಬೆಯೇ ಮೇಲು: 100 ಗ್ರಾಂ ಸೀಬೆಯಲ್ಲಿ ಇದು 200 ಮಿಲಿಗ್ರಾಂನಷ್ಟಿದ್ದರೆ, ದ್ರಾಕ್ಷಿಯಲ್ಲಿ ಕೇವಲ 3ರಿಂದ 4 ಮಿಲಿಗ್ರಾಂ ಇರುತ್ತದೆ.

ಸಕ್ಕರೆ ಕಾಯಿಲೆಯುಳ್ಳವರು: ದ್ರಾಕ್ಷಿಯನ್ನು ಸಂಪೂರ್ಣ ವರ್ಜಿಸಬೇಕಾಗಿಲ್ಲ, ಒಮ್ಮೆಗೆ 10ರಿಂದ 15 ಹಣ್ಣುಗಳಿಗೆ ಮಿತಿಗೊಳಿಸಿ, ತಮ್ಮ ವೈದ್ಯರ ಸಲಹೆಯಂತೆ ಸೇವಿಸಬಹುದು. ಒಣದ್ರಾಕ್ಷಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಕ್ಕರೆಯೇ ಆಗಿರುತ್ತದೆ. 30 ವರ್ಷ ಮೇಲ್ಪಟ್ಟವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆಯ ತಪಾಸಣೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ಪೊಟ್ಯಾಸಿಯಂ ಮಿತಿ ಸೂಚಿಸಲ್ಪಟ್ಟ ಮೂತ್ರಪಿಂಡ ರೋಗಿಗಳು ಒಣದ್ರಾಕ್ಷಿಯ ಬಗ್ಗೆ ವಿಶೇಷ ಎಚ್ಚರ ವಹಿಸತಕ್ಕದ್ದು.

ಚಿಕ್ಕ ಮಕ್ಕಳು: 5 ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿಯನ್ನು ಕೊಡಲೇಬಾರದು. ನುಣುಪಾದ ದುಂಡು ಹಣ್ಣು ಜಾರಿ ಶ್ವಾಸನಾಳವನ್ನು ಮುಚ್ಚಿದಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ ಸಂಭವಿಸಬಹುದು. ಹಣ್ಣನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ, ಮಗುವನ್ನು ಕೂರಿಸಿಕೊಂಡು ತಿನ್ನಿಸಬೇಕು. ಓಡಾಡುತ್ತಾ ತಿನ್ನಲು ಬಿಡಬಾರದು. ಉಸಿರು ಕಟ್ಟಿದಲ್ಲಿ ಕೂಡಲೇ 108ಕ್ಕೆ ಕರೆ ಮಾಡುವುದು.

ತೊಳೆಯುವ ವಿಧಾನ: ಬಳ್ಳಿಗೆ ಬೂಜುರೋಗ ತಗುಲದಂತೆ ಔಷಧಿ ಸಿಂಪಡಿಸುವುದು ಸಾಮಾನ್ಯವಾದುದರಿಂದ, ಗೊಂಚಲನ್ನು ತಿನ್ನುವ ಮುನ್ನ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯತಕ್ಕದ್ದು. ಹಣ್ಣಿನ ಮೇಲಿನ ತೆಳು ಬಿಳಿ ಪೊರೆಯೆಲ್ಲವೂ ಔಷಧಿಯಲ್ಲ. ಅದು ಬಹುತೇಕ ಹಣ್ಣಿನದೇ ಸಹಜ ಮೇಣವಾಗಿರುತ್ತದೆ. ಕೊಯ್ದ ನಂತರ ದ್ರಾಕ್ಷಿ ಮಾಗುವುದಿಲ್ಲವಾದ್ದರಿಂದ ಹುಳಿ ಗೊಂಚಲನ್ನು ಕೊಂಡು ಮನೆಯಲ್ಲಿ ಕಾದಿಡುವುದರಿಂದ ಪ್ರಯೋಜನವಿಲ್ಲ.