ಟನ್ನಿನ ಮುಳ್ಳು, ನ್ಯೂಟನ್ನಿನ ಲೆಕ್ಕ

ನಾನು ಕಾಂಕ್ರೀಟ್ ಲ್ಯಾಬಿಗೆ ಸೇರಿದಾಗ ಕ್ಯೂಬ್ ಒಡೆಯುವ ಯಂತ್ರದ ಡಯಲ್ ಟನ್ನಿನಲ್ಲಿತ್ತು. ಕೈಗೆ ಕೊಟ್ಟ ಐಎಸ್ 456, ಅಂದರೆ ಕಾಂಕ್ರೀಟಿನ ಭಾರತೀಯ ಮಾನಕದ ಪುಸ್ತಕ, ಮಾತ್ರ ನ್ಯೂಟನ್ನಿನಲ್ಲಿ.

1964ರ ಆವೃತ್ತಿಯಲ್ಲಿ ಎಂ 200 ಎಂದರೆ ಚದರ ಸೆಂಟಿಮೀಟರಿಗೆ 200 ಕಿಲೋ ತಾಳುವ ಕಾಂಕ್ರೀಟು. 1978ರಲ್ಲಿ ಆ ಜಾಗಕ್ಕೆ ಎಂ 20 ಬಂತು: ಚದರ ಮಿಲಿಮೀಟರಿಗೆ 20 ನ್ಯೂಟನ್. ಒಂದು ಸೊನ್ನೆ ಅಳಿಸಿದರಾಯಿತು ಎಂದು ನಮ್ಮ ಮೇಸ್ತ್ರಿಗಳು ನಂಬಿದ್ದರು. ಆಗುವುದಿಲ್ಲ. ಒಂದು ಕಿಲೋ ಭಾರವೆಂದರೆ 9.81 ನ್ಯೂಟನ್, ಹತ್ತಲ್ಲ. 15 ಸೆಂಟಿಮೀಟರಿನ ಕ್ಯೂಬಿನ ಮುಖ 225 ಚದರ ಸೆಂಟಿಮೀಟರ್. ಹಳೆಯ ಲೆಕ್ಕಕ್ಕೆ ಅದು 45 ಟನ್ ಹೊರಬೇಕು. ಹೊಸದಕ್ಕೆ 450 ಕಿಲೋನ್ಯೂಟನ್, ಅಂದರೆ 45.9 ಟನ್. ಆ 0.9 ಟನ್ನಿನ ಸಂದಿಯಲ್ಲಿ ಒಡೆದ ಕ್ಯೂಬುಗಳ ಮುಂದೆ ನಾನು ಎಷ್ಟೋ ಹೊತ್ತು ನಿಂತಿದ್ದೇನೆ. ಅದೇ ಕಾಂಕ್ರೀಟಿನ ಮೇಲೆ ಜನ ಮಲಗುತ್ತಾರಲ್ಲ!

ಒತ್ತಡದ ಈ ಹೊಸ ಲೆಕ್ಕದ ಏಕಮಾನಕ್ಕೆ ಪಾಸ್ಕಲ್ ಎಂಬ ಹೆಸರು ಬಂದದ್ದು 1971ರಲ್ಲಿ. 1648ರಲ್ಲಿ ಭಾವನ ಕೈಲಿ ಪಾದರಸದ ಕೊಳವೆಯನ್ನು ಬೆಟ್ಟ ಹತ್ತಿಸಿ ಗಾಳಿಯ ಒತ್ತಡ ಅಳೆಸಿದ ಬ್ಲೇಸ್ ಪಾಸ್ಕಲ್‌ನ ನೆನಪಿಗೆ. ಹತ್ತು ಲಕ್ಷ ಪಾಸ್ಕಲ್ ಸೇರಿದರೆ ಚದರ ಮಿಲಿಮೀಟರಿಗೆ ಒಂದು ನ್ಯೂಟನ್.

ನಮ್ಮ ಹಿರಿಯರೊಬ್ಬರು ಯಂತ್ರದ ಪಕ್ಕದ ಗೋಡೆಗೆ ಬಣ್ಣದಲ್ಲೇ ಬರೆಸಿದರು: ಚದರ ಸೆಂಟಿಮೀಟರಿನ ಕಿಲೋವನ್ನು 0.0981ರಿಂದ ಗುಣಿಸಿ.